ಜೋಡುನಳಿಗೆಯ ಕೇಪಿನ ಕೋವಿ

ಕೋವಿಯ ಚರಿತ್ರೆಯೆಂದರೆ ಯುದ್ಧಗಳ ಚರಿತ್ರೆಯೇ ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಕೋವಿಯ ಮರದ ಹಿಡಿಯೊಳಗೆ, ಅಂಗೈಗಿಂತಲೂ ಕಿರಿದಾದ ಒಂದು ತಗಡಿನ ಹಿಂದೆ ಅಡಗಿರುವ ನಾಲ್ಕಾರು ಉಕ್ಕಿನ ತುಂಡುಗಳಿಗೂ ತಮ್ಮದೇ ಆದ ಒಂದು ಚರಿತ್ರೆಯುಂಟು. ಬೇಟೆಗಾರನ ಗುರಿಯೂ, ಅವನ ಪ್ರಾಣವೂ, ಅವನ ಪಕ್ಕದಲ್ಲಿ ನಿಂತವನ ಪ್ರಾಣವೂ ಈ ತುಂಡುಗಳ ಹದವನ್ನೇ ಅವಲಂಬಿಸಿದ್ದವು. ಇವುಗಳ ದೋಷಗಳನ್ನು ಕಂಡುಹಿಡಿದು ತಿದ್ದುವ ವಿದ್ಯೆಯು, ಕೋವಿಯನ್ನು ಮಾಡುವ ವಿದ್ಯೆಗಿಂತ ಯಾವ ವಿಧದಲ್ಲಿಯೂ ಕಡಮೆಯಾದುದಲ್ಲ.

ಮೊದಲಿನ ಕೋವಿಗಳಲ್ಲಿ ಮದ್ದಿಗೆ ಬೆಂಕಿಯನ್ನು ಮುಟ್ಟಿಸುತ್ತಿದ್ದುದು ಉರಿಯುವ ಜಾಮಗಿ, ಎಂದರೆ ಬತ್ತಿ. ಹದಿನೇಳನೆಯ ಶತಮಾನದಲ್ಲಿ ಚಕಮಕಿ ಕಲ್ಲಿನ ಕೋವಿಯು ಯೂರೋಪಿನಲ್ಲಿ ರೂಢಿಗೆ ಬಂದಿತು. ಕುದುರೆಯ ಬಾಯಲ್ಲಿ ಬಿಗಿದ ಕಲ್ಲು ಉಕ್ಕಿನ ತಗಡಿಗೆ ಹೊಡೆದು ಕಿಡಿಗಳನ್ನು ಉದುರಿಸಲು, ಹೊರಗಿನ ಬಟ್ಟಲಿನ ರಂಜಕವು ಹೊತ್ತಿ, ಆ ಉರಿಯು ಸಣ್ಣ ರಂಧ್ರದ ಮೂಲಕ ನಳಿಗೆಯನ್ನು ಸೇರುತ್ತಿತ್ತು. ಎರಡು ನಳಿಗೆಗಳನ್ನು ಜೋಡಿಸುವ ಯತ್ನವು ಹಳೆಯದೇ ಆದರೂ ನಳಿಗೆಗಳು ಉದ್ದವಾಗಿಯೂ ಭಾರವಾಗಿಯೂ ಇದ್ದುದರಿಂದ ಅಂತಹ ಕೋವಿಯನ್ನು ಹೊತ್ತು ನಡೆಯುವುದೇ ಕಷ್ಟವಾಗಿದ್ದಿತು. ೧೭೮೭ರಲ್ಲಿ ಲಂಡನ್ ನಗರದ ಹೆನ್ರಿ ನಾಕ್ ಎಂಬವನು ನಳಿಗೆಯ ಬುಡವನ್ನು ಹೊಸ ರೀತಿಯಲ್ಲಿ ರಚಿಸಿ ಸನ್ನದನ್ನು ಪಡೆದನು. ಮದ್ದು ಬೇಗನೆ ಪೂರ್ಣವಾಗಿ ಉರಿಯತೊಡಗಲು ನಳಿಗೆಯನ್ನು ಗಿಡ್ಡ ಮಾಡುವುದು ಸಾಧ್ಯವಾಯಿತು. ಜೋಡುನಳಿಗೆಯು ಬೇಟೆಗಾರರ ಕೈಗೆ ಒಗ್ಗಿದುದು ಅಂದಿನಿಂದ. ಜೋಸೆಫ್ ಮ್ಯಾಂಟನ್ ಎಂಬ ಪ್ರಖ್ಯಾತ ಕುಶಲಿಗನು ಅದಕ್ಕೆ ಅಂದವನ್ನೂ ನಯವನ್ನೂ ತಂದುಕೊಟ್ಟನು.

ಆದರೂ ಒಂದು ಕೊರತೆ ಉಳಿದಿದ್ದಿತು. ಬಟ್ಟಲಿನಲ್ಲಿ ಹೊಳೆದ ಉರಿಯನ್ನು ಕಂಡ ನೀರುಹಕ್ಕಿಗಳು ಚರೆಯು ತಲಪುವುದರೊಳಗಾಗಿ ಮುಳುಗಿಬಿಡುತ್ತಿದ್ದವು. ಮಳೆ ಬಂದರೆ ರಂಜಕವು ನೆನೆದು ಕೋವಿಯು ಮೂಕವಾಗುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಗ್ರಾಮದ ಪಾದ್ರಿಯಾಗಿದ್ದ ಅಲೆಕ್ಸಾಂಡರ್ ಜಾನ್ ಫೋರ್ಸೈತನು ಪಕ್ಷಿಬೇಟೆಯಲ್ಲಿಯೂ ರಸಾಯನಶಾಸ್ತ್ರದಲ್ಲಿಯೂ ಸಮನಾದ ಆಸಕ್ತಿಯುಳ್ಳವನು. ಪೆಟ್ಟು ಬಿದ್ದ ಕೂಡಲೇ ತಾನಾಗಿ ಸಿಡಿಯುವ ರಾಸಾಯನಿಕದಿಂದ ಮದ್ದನ್ನು ಹೊತ್ತಿಸಬಹುದೆಂದು ತೋರಿಸಿ ಆತನು ೧೮೦೭ರಲ್ಲಿ ಸನ್ನದನ್ನು ಪಡೆದನು. ಮುಂದಿನ ಕೆಲವೇ ವರ್ಷಗಳಲ್ಲಿ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಅಂಟಿಸುವ ಉಪಾಯವು ಹೊಳೆಯಿತು. ಅದನ್ನು ಮೊದಲು ಕಂಡವರು ತಾವೇ ಎಂದು ಹಲವರು ವಾದಿಸಿದರು. ಆ ಟೊಪ್ಪಿಗೆಯೇ ಕೇಪು. ಅದರಿಂದಲೇ ಕೇಪಿನ ಕೋವಿಯೆಂಬ ಹೆಸರು.

ಇನ್ನು ಅದರ ಒಳರಚನೆ. ಇಂಗ್ಲಿಷರು ಲಾಕ್ ಎಂದು ಕರೆಯುವ ಕೀಲುಕೂಟಗಳು ಜೋಡುನಳಿಗೆಯಲ್ಲಿ ಎರಡು. ಬಲದ್ದು ಎಡದ್ದಕ್ಕೆ ಕನ್ನಡಿಯ ಪ್ರತಿಬಿಂಬದಂತೆ ಇರುವುದು. ಹೊರಗೆ ಕಾಣುವ ಕುದುರೆಯ ಅಚ್ಚಿಗೆ ಒಳಗಡೆ ಟಂಬ್ಲರ್ ಎಂಬ ಗುಂಡನೆಯ ಉಕ್ಕಿನ ತುಂಡು ಸೇರಿರುತ್ತದೆ. ದೊಡ್ಡ ಸ್ಪ್ರಿಂಗು ಇದನ್ನು ಸದಾ ಕೆಳಕ್ಕೆ ಒತ್ತುತ್ತಿರುವುದು. ಟಂಬ್ಲರಿನ ಅಂಚಿನಲ್ಲಿ ಎರಡು ಕಚ್ಚುಗಳಿವೆ: ಅರ್ಧ ಏರಿಕೆಯದೊಂದು, ಪೂರ್ಣ ಏರಿಕೆಯದೊಂದು. ಸಿಯರ್ ಎಂಬ ಸಣ್ಣ ಸನ್ನೆಯ ಮೂಗು ಈ ಕಚ್ಚುಗಳಲ್ಲಿ ಕುಳಿತು ಕುದುರೆಯನ್ನು ತಡೆದು ನಿಲ್ಲಿಸುತ್ತದೆ. ಸಿಯರಿನ ಬಾಲವು ಟ್ರಿಗರಿನ ಮೇಲೆ ಚಾಚಿಕೊಂಡಿರುವುದು. ಬೆರಳು ಟ್ರಿಗರನ್ನು ಎಳೆದಾಗ ಬಾಲವು ಮೇಲಕ್ಕೇಳುವುದು, ಮೂಗು ಕಚ್ಚಿನಿಂದ ಜಾರುವುದು, ಕುದುರೆಯು ಕೇಪಿನ ಮೇಲೆ ಬೀಳುವುದು. ಸಾಮಾನ್ಯವಾಗಿ ಮುಂದಿನ ಟ್ರಿಗರು ಬಲ ನಳಿಗೆಗೂ ಹಿಂದಿನದು ಎಡ ನಳಿಗೆಗೂ ಸೇರಿದುದು.

ಕುದುರೆಯು ಪೂರ್ಣ ಏರಿಕೆಯಲ್ಲಿ ನಿಲ್ಲದೆ ಜಾರುವುದು ಎಲ್ಲಕ್ಕಿಂತ ಅಪಾಯಕರವಾದ ದೋಷ. ಅನುಭವಿಗಳಾದ ಕೋವಿ ಕೆಲಸಗಾರರು ಇಲ್ಲಿ ಮೊದಲು ಅರವನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಮದ್ದೂ ಕೇಪೂ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಲಾಕನ್ನು ಮರದಿಂದ ಬಿಚ್ಚಿ, ಅಂಗೈಯಲ್ಲಿ ಹಿಡಿದು ಕುದುರೆಯನ್ನು ಏರಿಸಿ ನೋಡುತ್ತಿದ್ದರು. ಅಂಗೈಯಲ್ಲಿಯೂ ಅದು ಜಾರಿದರೆ ರೋಗವು ಲಾಕಿನಲ್ಲಿಯೇ ಇದೆ: ಕಚ್ಚು ಸವೆದಿರಬೇಕು, ಸಿಯರಿನ ಮೂಗು ಮೊಂಡಾಗಿರಬೇಕು, ಇಲ್ಲವೆ ಸಿಯರಿನ ಸ್ಪ್ರಿಂಗು ಮುರಿದಿರಬೇಕು. ಅಂಗೈಯಲ್ಲಿ ಭದ್ರವಾಗಿ ನಿಂತು ಮರದೊಳಗೆ ಮಾತ್ರ ಜಾರಿದರೆ ಲಾಕು ನಿರ್ದೋಷಿ. ತಪ್ಪು ಮರದ್ದು, ಇಲ್ಲವೆ ಟ್ರಿಗರಿನದು. ಮಳೆಗಾಲದಲ್ಲಿ ಉಬ್ಬಿದ ಮರವು ಸಿಯರಿನ ಬಾಲವನ್ನು ಹಿಡಿದು ನಿಲ್ಲಿಸುವುದುಂಟು. ಬೇಸಗೆಯಲ್ಲಿ ಮರವು ಕುಗ್ಗಿದಾಗ ನಳಿಗೆಯ ಬುಡದ ತಿರುಪುಮೊಳೆಯನ್ನು ಅತಿಯಾಗಿ ಬಿಗಿದರೆ ಟ್ರಿಗರಿನ ತಗಡು ಮೇಲಕ್ಕೆ ಸೆಳೆಯಲ್ಪಟ್ಟು, ಟ್ರಿಗರು ಸಿಯರನ್ನು ಯಾವಾಗಲೂ ಎತ್ತಿ ಹಿಡಿದಿರುವುದು. ಎರಡಕ್ಕೂ ನಡುವೆ ಕೂದಲೆಳೆಯಷ್ಟಾದರೂ ಅಂತರವಿರಬೇಕೆಂಬುದು ನಿಯಮ. ಅಂತಹ ಕೋವಿಯಲ್ಲಿ ತಿರುಪನ್ನು ಕೊಂಚ ಸಡಿಲಿಸುವುದರಿಂದಲೇ ದೋಷವು ಮಾಯವಾಗುವುದೂ ಉಂಟು. ಇದನ್ನರಿಯದೆ ಕಚ್ಚನ್ನು ಅರದಿಂದ ಉಜ್ಜಿದವನು ಒಳ್ಳೆಯ ಲಾಕನ್ನು ಕೈಯಾರೆ ಕೆಡಿಸಿದಂತೆಯೇ. ಏಕೆಂದರೆ ಎಲುಬಿನ ಇದ್ದಲಿನಲ್ಲಿ ಕಾಸಿ ಗಟ್ಟಿಮಾಡಿದ ತುಂಡುಗಳಲ್ಲಿ ಗಟ್ಟಿಯಾದ ಪದರವು ತೀರ ತೆಳುವಾದುದು. ಅದು ಸವೆದರೆ ಒಳಗಿನ ಮೆದುವಾದ ಲೋಹವು ಬೇಗನೆ ಉರುಟಾಗುವುದು.

ಅರ್ಧ ಏರಿಕೆಯ ಕಚ್ಚಿನ ಮಹತ್ವವು ಇನ್ನೂ ಹೆಚ್ಚಿನದು. ಇದನ್ನು ಆಳವಾಗಿ, ಮೇಲೆ ತುಟಿಯಿರುವಂತೆ ಕೊರೆಯುತ್ತಿದ್ದರು. ಟ್ರಿಗರನ್ನು ಎಷ್ಟೇ ಎಳೆದರೂ ಸಿಯರಿನ ಮೂಗು ಹೊರಬರಬಾರದೆಂಬುದೇ ಇದರ ಉದ್ದೇಶ. ಕುದುರೆಯು ಈ ಸ್ಥಿತಿಯಲ್ಲಿರುವಾಗಲೇ ಕೇಪನ್ನು ಕೂರಿಸಬೇಕು. ಈ ತುಟಿಯು ಮುರಿದ ಕೋವಿಯು ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಅಪಾಯವೂ ಅದರಲ್ಲಿಯೇ ಇರುವುದು.

ಜೋಡುನಳಿಗೆಗೆ ವಿಶೇಷವಾದ ರೋಗಗಳು ಕೆಲವಿವೆ. ಒಂದು ಟ್ರಿಗರನ್ನು ಎಳೆದಾಗ ಎರಡು ನಳಿಗೆಗಳೂ ಒಟ್ಟಿಗೆ ಹಾರುವುದು ಅವುಗಳಲ್ಲೊಂದು. ಒಂದು ಸಿಯರಿನ ಬಾಲವು ಉದ್ದವಾಗಿ ಪಕ್ಕದ ಟ್ರಿಗರಿನ ಮೇಲೂ ಚಾಚಿದ್ದರೆ ಹೀಗಾಗುವುದು; ಎರಡನೆಯ ಲಾಕಿನ ಕಚ್ಚು ಸವೆದಿದ್ದು, ಮೊದಲನೆಯ ನಳಿಗೆಯ ಒದೆತಕ್ಕೆ ಅದುರಿ ಜಾರಿದರೂ ಹೀಗಾಗುವುದು. ಮತ್ತೊಂದು ಅಪಾಯವು ಲಾಕಿನದಲ್ಲ, ಬಳಸುವವನ ಅಜಾಗ್ರತೆಯದು. ಒಂದು ನಳಿಗೆಯನ್ನು ಹಾರಿಸಿ, ಇನ್ನೊಂದರ ಕುದುರೆಯನ್ನು ಏರಿಸಿದಂತೆಯೇ ಬಿಟ್ಟು, ಬಾಯಿಯ ಮೇಲೆ ಕೈಯಿಟ್ಟು ಗಜದಿಂದ ಮದ್ದನ್ನು ದಟ್ಟಿಸುವವನು ತುಂಬಿದ ಕೋವಿಯ ಎದುರಿಗೇ ನಿಂತಿರುತ್ತಾನೆ. ಕೋವಿಯನ್ನು ಬಾಯಿ ಮೇಲಾಗಿ ನಿಲ್ಲಿಸಿದಾಗ ತನ್ನ ಭಾರದಿಂದಲೇ ಕುದುರೆಯನ್ನು ತಡೆಯುವ ತೂಕದ ಸನ್ನೆಯೊಂದನ್ನು ಮ್ಯಾಂಟನನು ರಚಿಸಿದುದು ಇದೇ ಕಾರಣದಿಂದ. ಅದಲ್ಲದೆ ಒಂದು ನಳಿಗೆಯ ಒದೆತದಿಂದ ಇನ್ನೊಂದರ ಚರೆಯು ಸಡಿಲಗೊಂಡು ಮುಂದಕ್ಕೆ ಸರಿಯುವುದುಂಟು. ಆದುದರಿಂದ ಅದರ ಕೇಪನ್ನು ಮೊದಲು ತೆಗೆದು, ಆಮೇಲೆ ಗಜದಿಂದ ಪರೀಕ್ಷಿಸುವುದು ಬಲ್ಲವರ ಪದ್ಧತಿಯಾಗಿದ್ದಿತು.

ಕುದುರೆ ಬಿದ್ದರೂ ಕೋವಿ ಹಾರದಿರುವುದು ಪ್ರಾಣಾಪಾಯವಲ್ಲವೆಂದು ತೋರಿದರೂ ಬೇಟೆಗಾರನನ್ನು ಹೆಚ್ಚಾಗಿ ಕಾಡಿದ ದೋಷವದು. ದೊಡ್ಡ ಸ್ಪ್ರಿಂಗು ಬಳಲಿರಬಹುದು. ಲಾಕಿನ ತಿರುಪುಮೊಳೆ ಅತಿ ಬಿಗಿಯಾಗಿ ಒಳಗಿನ ತುಂಡುಗಳು ಮರಕ್ಕೆ ಉಜ್ಜುತ್ತಿರಬಹುದು. ಕೇಪು ಕೂರುವ ತೂಬಿನ ರಂಧ್ರವು ಮಸಿಯಿಂದ ಮುಚ್ಚಿರಬಹುದು. ಕರಿಮದ್ದಿನ ಮಸಿಯು ಗಾಳಿಯ ತೇವವನ್ನು ಹೀರುವುದು. ಕೇಪಿನ ರಾಸಾಯನಿಕವು ಉಪ್ಪಿನಂತಹ ಶೇಷವನ್ನು ಬಿಟ್ಟು ತುಕ್ಕನ್ನು ಬೆಳೆಸುವುದು. ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒರಸಿ, ಎಣ್ಣೆ ಸವರುವುದೇ ಇದಕ್ಕೆ ಪರಿಹಾರ. ಕೋವಿ ಹಾರಲಿಲ್ಲವೆಂದು ಕೂಡಲೇ ನಳಿಗೆಯ ಬಾಯಿಯನ್ನು ಇಣುಕುವುದು ಮಾತ್ರ ಮಹಾಮೂರ್ಖತನ; ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು.

೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೆಯ ಹಿಂಬದಿಯಿಂದ ತುಂಬುವ ಕೋವಿಯನ್ನು ಆಂಗ್ಲ ಕುಶಲಿಗರು ಕಂಡರು. ಒಂದೆರಡು ದಶಕಗಳಲ್ಲಿ ತೋಟಾಕೋವಿಯು ಕೇಪಿನ ಕೋವಿಯನ್ನು ಅಲ್ಲಿಯ ಶ್ರೀಮಂತರ ಬೇಟೆಯಿಂದ ಹೊರದೂಡಿತು. ಕನ್ನಡ ನಾಡಿನಲ್ಲಿ ಹಾಗಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟೀಪುವಿನ ಕಾಲಕ್ಕೆ ಹುಲಿಯ ಚಿತ್ರಗಳಿಂದ ಅಲಂಕೃತವಾದ ಚಕಮಕಿ ಕೋವಿಗಳು ಸಿದ್ಧವಾಗುತ್ತಿದ್ದವು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕೇಪಿನ ಕೋವಿಯು ಬಹುಕಾಲ ಮನೆಯ ಒಡವೆಯಾಗಿ ಉಳಿಯಿತು. ಹಂದಿಗಳಿಂದ ಗದ್ದೆಯನ್ನು ಕಾಯಲು ಅದೇ ಆಧಾರ. ಕೊಡವರಿಗೆ ೧೮೬೧ರಲ್ಲಿ ಆಯುಧ ಶಾಸನದಿಂದ ವಿನಾಯಿತಿ ದೊರೆಯಿತು. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಯು ಇಂದಿಗೂ ಪೂಜೆಗೊಳ್ಳುತ್ತದೆ.

೧೯೫೯ರ ಆಯುಧ ಕಾಯಿದೆಯ ಪ್ರಕಾರ ಕೋವಿಯ ದುರಸ್ತಿಯು ಪರವಾನಗಿಯುಳ್ಳ ಕೆಲಸಗಾರನಿಗೆ ಸೇರಿದ ಕಾರ್ಯ. ಅದು ಯುಕ್ತವೇ ಆಗಿದೆ. ಆದರೆ ದೋಷವೆಲ್ಲಿದೆಯೆಂದು ತಿಳಿಯುವ ಮೊದಲೇ ಅರವನ್ನು ಹಿಡಿಯಬಾರದೆಂಬ ಹಳೆಯ ಕುಶಲಿಗರ ವಿವೇಕವು ಯಾವ ಪರವಾನಗಿಯಿಂದಲೂ ಬರತಕ್ಕುದಲ್ಲ. ಹಳೆಯ ಕೋವಿಯು ಗೋಡೆಯ ಮೇಲೆ ತೂಗುತ್ತಿರುವ ಮನೆಗಳಲ್ಲಿ, ಅದು ಬರಿದಾಗಿದೆಯೆಂದು ನಂಬುವುದಕ್ಕೆ ಮುನ್ನ ಗಜವನ್ನಿಳಿಸಿ ನೋಡುವುದು ಇಂದಿಗೂ ಆವಶ್ಯಕ. ನೂರು ವರ್ಷಗಳ ಹಿಂದೆ ತುಂಬಿದ ಮದ್ದು ಒಣಗಿದ್ದರೆ ಇಂದೂ ಹೊತ್ತಬಲ್ಲದು.