ರೋಗದ ಗುಟ್ಟು ತಿಳಿಸಿದ ಬಿಂದು

ನಿಂಬೆರಸ ಹಿಂಡಿದರೆ ಹಾಲು ಒಡೆಯುವುದನ್ನು ನಾವೆಲ್ಲ ಬಲ್ಲೆವು. ಆಮ್ಲತೆ ಹೆಚ್ಚಿ ಪಿ.ಎಚ್. ಸುಮಾರು 4.6ಕ್ಕೆ ಇಳಿದಾಗ ಹಾಲಿನ ಕೇಸಿನ್ ಪ್ರೋಟೀನಿನ ಧನ, ಋಣ ವಿದ್ಯುದಂಶಗಳು ಸರಿಸಮವಾಗುತ್ತವೆ. ಆಗ ಕಣಗಳು ಒಂದನ್ನೊಂದು ದೂರ ತಳ್ಳಲಾರದೆ ಗರಣೆಗಟ್ಟುತ್ತವೆ. ಇದೇ ಸಮವಿದ್ಯುತ್ ಬಿಂದು. ಈ ಬಿಂದುವಿನಲ್ಲಿರುವ ಪ್ರೋಟೀನು ವಿದ್ಯುತ್ ಹರಿಸಿದರೂ ಯಾವ ಧ್ರುವದತ್ತಲೂ ಸರಿಯದು. ಪ್ರತಿ ಪ್ರೋಟೀನಿಗೂ ತನ್ನದೇ ಬಿಂದು ಉಂಟು.

ಈ ಬಿಂದುವೇ ಒಂದು ರೋಗದ ಬೇರನ್ನು ತೋರಿಸಿಕೊಟ್ಟಿತು. ಕುಡುಗೋಲು ಕಣ ರಕ್ತಹೀನತೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಕಿರುನಾಳಗಳಲ್ಲಿ ಸಿಲುಕಿ, ರೋಗಿಯನ್ನು ನೋವಿನಲ್ಲಿ ನರಳಿಸುತ್ತವೆ. ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ವರ್ಣಿಸಿದರೂ ಕಾರಣ ತಿಳಿದಿರಲಿಲ್ಲ. 1949ರಲ್ಲಿ ಕ್ಯಾಲಿಫೋರ್ನಿಯಾದ ಲೈನಸ್ ಪಾಲಿಂಗ್, ಹಾರ್ವೆ ಇಟಾನೊ ಮತ್ತು ಸಂಗಡಿಗರು ಹಿಮೋಗ್ಲೋಬಿನ್ ದ್ರಾವಣದಲ್ಲಿ ವಿದ್ಯುತ್ ಹರಿಸಿ ಅದರ ಚಲನೆಯನ್ನು ಅಳೆದರು. ಒಂದು ಅಳತೆಯಲ್ಲಿ ಆರೋಗ್ಯವಂತರ ಹಿಮೋಗ್ಲೋಬಿನ್ನಿನ ಬಿಂದು 6.87, ರೋಗಿಗಳದು 7.09. ದೋಷವಿದ್ದುದು ಅಣುವಿನಲ್ಲಿ! ಋಣ ವಿದ್ಯುದಂಶವುಳ್ಳ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವಿದ್ಯುದಂಶವಿಲ್ಲದ ವ್ಯಾಲೀನ್ ಕುಳಿತಿದೆಯೆಂದು 1957ರಲ್ಲಿ ಕೇಂಬ್ರಿಡ್ಜ್‌ನ ವರ್ನನ್ ಇಂಗ್ರಾಂ ತೋರಿಸಿದರು.

1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲೂ ಈ ಲಕ್ಷಣ ಪತ್ತೆಯಾಯಿತು. ತಂದೆತಾಯಿಯರಿಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರನ್ನು ಮದುವೆಗೆ ಮುನ್ನವೇ ಗುರುತಿಸುವ ರಕ್ತಪರೀಕ್ಷೆಗಳಲ್ಲಿ ಇಂದಿಗೂ ಅದೇ ವಿದ್ಯುದಂಶದ ವ್ಯತ್ಯಾಸ ನೆರವಾಗುತ್ತಿದೆ.