ಮೇಸ್ತ್ರಿಯ ಕಿವಿ, ಕಂಪೆನಿಯ ಕಂಪ್ಯೂಟರ್

ಹೊಸ ಕಾರು ಕೊಂಡವನಿಗೆ ಉಚಿತ ಸರ್ವಿಸ್‌ಗಳು ಮುಗಿಯುವವರೆಗೆ ಹೆಚ್ಚಿನ ಚಿಂತೆಯಿಲ್ಲ. ಕಂಪೆನಿಯವರು ಹೇಳಿದ ದಿನ ಗಾಡಿ ಬಿಟ್ಟು ಬಂದರಾಯಿತು. ಆಮೇಲೆ ಪ್ರಶ್ನೆ ಏಳುತ್ತದೆ. ಮತ್ತೆ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗುವುದೋ, ಊರಿನ ಗ್ಯಾರೇಜಿನ ಮೇಸ್ತ್ರಿಗೆ ಕೊಡುವುದೋ? ಬ್ರಹ್ಮಾವರದವರಿಗೆ ಉಡುಪಿ ಹತ್ತಿರ. ಬೈಂದೂರಿನವರಿಗೆ ಉಡುಪಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸವೇ ಕೆಟ್ಟಂತೆ. ನಡುವೆ ಇರುವ ಕುಂದಾಪುರದವರದು ಎರಡೂ ಮನಸ್ಸು.

ಮೇಲ್ನೋಟಕ್ಕೆ ಇದು ಬಿಲ್ಲಿನ ಲೆಕ್ಕಾಚಾರ. ಆದರೆ ಇದರ ಹಿಂದೆ ದೊಡ್ಡದೊಂದು ಇತಿಹಾಸವೇ ಇದೆ. ರಿಪೇರಿಯ ವಿದ್ಯೆ ಯಾರ ಕೈಯಲ್ಲಿ ಇರಬೇಕು ಎಂಬ ಜಗಳವೂ ಇದೆ.

ಬಸ್ಸಿನಿಂದ ಬಂದ ವಿದ್ಯೆ

ಕರಾವಳಿಯ ಜನಸಾಮಾನ್ಯರಿಗೆ ಮೋಟಾರು ಪರಿಚಯವಾದದ್ದು ಬಸ್ಸಿನ ರೂಪದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಶಿರೂರು ದಾಟಿದರೆ ಭಟ್ಕಳ. ಅದು ಮುಂಬಯಿಯ ಆಡಳಿತಕ್ಕೆ ಒಳಪಟ್ಟ ಸೀಮೆ. ಇಂಥ ಅಂಚಿನ ನಾಡಿನಲ್ಲಿ ಸಿ.ಪಿ.ಸಿ., ಹನುಮಾನ್, ಶಂಕರ್ ವಿಠಲ್ ಮೊದಲಾದ ಖಾಸಗಿ ಸಂಸ್ಥೆಗಳು ಬಸ್ಸು ಓಡಿಸಿ ಹೆಸರು ಮಾಡಿದವು. ಎಂಜಿನ್ನು ತಯಾರಿಸಿದ ಕಂಪೆನಿ ದೂರದ ದೇಶದಲ್ಲಿ, ಬಿಡಿಭಾಗ ಸಿಗುವುದು ದೂರದ ಪಟ್ಟಣದಲ್ಲಿ. ಬಸ್ಸು ನಿಂತರೆ ಸಂಪಾದನೆ ನಿಂತಂತೆ. ಹಾಗಾಗಿ ರಿಪೇರಿಯನ್ನು ಊರಿನಲ್ಲೇ ಕಲಿಯಬೇಕಾಯಿತು.

ಈ ಅಗತ್ಯವೇ ಉದ್ಯಮವಾಗಿಯೂ ಬೆಳೆಯಿತು. 1941ರಲ್ಲಿ ಮಂಗಳೂರಿನಲ್ಲಿ ‘ನವಭಾರತ’ ದಿನಪತ್ರಿಕೆ ಆರಂಭಿಸಿದ ವಿ.ಎಸ್. ಕುಡ್ವರು ಕೆನರಾ ವರ್ಕ್‌ಷಾಪ್ಸ್ ಸಂಸ್ಥೆಯನ್ನೂ ಕಟ್ಟಿದರು. ವಾಹನಗಳ ಸ್ಪ್ರಿಂಗ್ ಪಟ್ಟಿಗಳು ಅಲ್ಲಿ ತಯಾರಾದವು. ಹೊರಗಿನಿಂದ ತರಿಸಬೇಕಾಗಿದ್ದ ವಸ್ತುವನ್ನು ಕರಾವಳಿಯೇ ಹೊರಗಿನವರಿಗೆ ಮಾರುವಂತಾಯಿತು. ಬಸ್ಸು, ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತ ಹುಡುಗರು ಮುಂದೆ ಹೆದ್ದಾರಿಯ ಬದಿಯಲ್ಲಿ ಸ್ವಂತ ಗ್ಯಾರೇಜು ತೆರೆದರು. ಗುರುವಿನ ಕೈಕೆಳಗೆ ಸ್ಪಾನರ್ ಎತ್ತಿಕೊಡುತ್ತಾ ಕಲಿಯುವುದೇ ಅಲ್ಲಿಯ ಶಾಲೆ.

ಎರಡೇ ಕಾರುಗಳ ಕಾಲ

1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಬಳಿಕ, ಬಿಡಿಭಾಗ ತರಿಸಿ ಜೋಡಿಸುವುದಷ್ಟನ್ನೇ ಮಾಡುತ್ತಿದ್ದ ವಿದೇಶಿ ಕಂಪೆನಿಗಳು ಭಾರತದಿಂದ ಕಾಲ್ತೆಗೆದವು. ಉಳಿದ ಕಾರುಗಳು ಕೈಬೆರಳೆಣಿಕೆಯಷ್ಟು. ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂದೆ ‘ಪದ್ಮಿನಿ’ ಎನಿಸಿಕೊಂಡ ಪ್ರೀಮಿಯರ್ ಕಂಪೆನಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಮುಖ್ಯವಾದವು. ದಶಕಗಳ ಕಾಲ ಇವುಗಳ ಒಡಲು ಹೆಚ್ಚು ಬದಲಾಗಲಿಲ್ಲ.

ಗ್ಯಾರೇಜಿನವರಿಗೆ ಇದು ವರವಾಯಿತು. ಎರಡು ಗಾಡಿಗಳನ್ನು ಬಿಚ್ಚಿ ಜೋಡಿಸಲು ಬಂದರೆ ಜೀವಮಾನದ ವಿದ್ಯೆ ಬಂದಂತೆ. ಕಾರ್ಬುರೇಟರಿನ ಕಸ, ಪ್ಲಗ್ಗಿನ ಮಸಿ, ಕಾಂಟ್ಯಾಕ್ಟ್ ಪಾಯಿಂಟಿನ ಸವಕಳಿ ಎಲ್ಲವೂ ಕಣ್ಣಿಗೆ ಕಾಣುವಂಥವು. ಮಿಕ್ಕದ್ದನ್ನು ಕಿವಿ ಹೇಳುತ್ತಿತ್ತು. ಕೊಲ್ಲೂರಿಗೆ ಯಾತ್ರಿಕರನ್ನು ಒಯ್ಯುವ ಬಾಡಿಗೆ ಅಂಬಾಸಿಡರ್ ಘಾಟಿಯಲ್ಲೋ ಗದ್ದೆ ಬಯಲಿನಲ್ಲೋ ನಿಂತರೆ ಚಾಲಕನೇ ಬಾನೆಟ್ ಎತ್ತುತ್ತಿದ್ದ. ಆಗದಿದ್ದರೆ ‘ಒಂಚೂರ್ ಕಾಣಿ ಮಾರಾಯ್ರೆ’ ಎಂದು ಮೇಸ್ತ್ರಿಯನ್ನು ಕರೆತರುತ್ತಿದ್ದ. ಕಂಪೆನಿಗೆ ಗೊತ್ತಿದ್ದುದೆಲ್ಲ ಮೇಸ್ತ್ರಿಗೂ ಗೊತ್ತಿತ್ತು. ಆದ್ದರಿಂದ ಶೋರೂಮೋ ಗ್ಯಾರೇಜೋ ಎಂಬ ಪ್ರಶ್ನೆಗೆ ಆಗ ಅರ್ಥವೇ ಇರಲಿಲ್ಲ.

ಮಾರುತಿ ತಂದ ಶಿಸ್ತು

1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರಿಗೆ ಒಪ್ಪಿಸಿದರು. ಜಪಾನಿನ ಸುಜುಕಿಯ ಈ 796 ಸಿ.ಸಿ. ಎಂಜಿನ್ನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಅಂಬಾಸಿಡರಿಗೆ ಒಗ್ಗಿದ ಕೈಗಳು ಮೊದಮೊದಲು ಅಳುಕಿದವು. ಆದರೆ ದೊಡ್ಡ ಬದಲಾವಣೆ ಎಂಜಿನ್ನಿನಲ್ಲಿ ಇರಲಿಲ್ಲ, ಪದ್ಧತಿಯಲ್ಲಿತ್ತು. ಕೆಟ್ಟ ಮೇಲೆ ರಿಪೇರಿ ಎಂಬುದು ಹಳೆಯ ರೂಢಿ. ಕೆಡುವ ಮೊದಲೇ, ಇಷ್ಟು ಕಿಲೋಮೀಟರಿಗೆ ಇಂಥ ಎಣ್ಣೆ, ಇಂಥ ಫಿಲ್ಟರ್ ಎಂಬ ಪುಸ್ತಕದ ಶಿಸ್ತು ಹೊಸದು. ಡೀಲರುಗಳಲ್ಲದೆ ಬೇರೆ ವರ್ಕ್‌ಷಾಪುಗಳಿಗೂ ಮಾರುತಿ ‘ಅಧಿಕೃತ ಸರ್ವಿಸ್ ಸ್ಟೇಷನ್’ ಎಂಬ ಫಲಕ ಕೊಟ್ಟಿತು. ಗ್ಯಾರೇಜು ಮತ್ತು ಕಂಪೆನಿಗಳ ನಡುವೆ ಒಂದು ಸೇತುವೆ ಕಟ್ಟಿದಂತಾಯಿತು.

1991ರ ಆರ್ಥಿಕ ಉದಾರೀಕರಣದ ನಂತರ ಕಾರುಗಳ ಸಾಲು ಬೆಳೆಯಿತು. 1998ರಲ್ಲಿ ಹ್ಯುಂಡೈ ಸ್ಯಾಂಟ್ರೋ ಬಂತು, ಟಾಟಾ ಇಂಡಿಕಾವೂ ಬಂತು. 2000ದಿಂದ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾಗುತ್ತಾ ಹೋಗಿ, 2020ರ ಏಪ್ರಿಲ್ 1ರಿಂದ ಬಿ.ಎಸ್. 6 ದೇಶಕ್ಕೆಲ್ಲ ಕಡ್ಡಾಯವಾಯಿತು. ಕಾರ್ಬುರೇಟರ್ ಮರೆಯಾಗಿ ಅದರ ಜಾಗಕ್ಕೆ ಇಂಜೆಕ್ಟರ್, ಸೆನ್ಸರ್, ಎಂಜಿನ್ನನ್ನು ಆಳುವ ಪುಟ್ಟ ಕಂಪ್ಯೂಟರ್ ಬಂದವು. ದೋಷ ಈಗ ಸದ್ದಿನಲ್ಲಿಲ್ಲ, ಸಂಕೇತ ಸಂಖ್ಯೆಯಲ್ಲಿದೆ. ಅದನ್ನು ಓದಲು ಸ್ಕ್ಯಾನರ್ ಬೇಕು. ಎಷ್ಟೋ ಗಾಡಿಗಳಲ್ಲಿ ಆಳಕ್ಕಿಳಿಯಲು ಕಂಪೆನಿಯದೇ ತಂತ್ರಾಂಶ ಬೇಕು. ಮೇಸ್ತ್ರಿಯ ಕಿವಿ ಸೋತದ್ದು ಇಲ್ಲಿ.

ಆಯೋಗದ ಮುಂದೆ ರಿಪೇರಿ

ಮೇಸ್ತ್ರಿಗೆ ವಿದ್ಯೆ ಬಾರದೆ ಸೋತನೋ, ವಿದ್ಯೆಯ ಬಾಗಿಲು ಮುಚ್ಚಿದ್ದರಿಂದ ಸೋತನೋ? ಈ ಪ್ರಶ್ನೆ ಭಾರತ ಸ್ಪರ್ಧಾ ಆಯೋಗದ ಮುಂದೆ ಬಂತು. ಶಂಶೇರ್ ಕಟಾರಿಯಾ ಎಂಬವರ ದೂರಿನಿಂದ 2011ರಲ್ಲಿ ಆರಂಭವಾದ ಪ್ರಕರಣದಲ್ಲಿ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಆಯೋಗದ ತೀರ್ಮಾನ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಅದು ಹೇಳಿತು. ಕಂಪೆನಿಗಳು ಮೇಲ್ಮನವಿ ಹೂಡಿದವು.

ಇದು ಭಾರತದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ 1975ರಷ್ಟು ಹಿಂದೆಯೇ ವಾರಂಟಿ ಕಾಯಿದೆ ಬಂದಿತ್ತು. ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ರಿಪೇರಿಯ ಹಕ್ಕಿಗೆ ಮತ ನೀಡಿದರು. ಭಾರತ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂಬ ಜಾಲತಾಣ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಗೆ ಸೇರಿವೆ.

ಉಪ್ಪುಗಾಳಿಯ ಲೆಕ್ಕ

ದಿಲ್ಲಿಯ ತೀರ್ಪು ಏನೇ ಇರಲಿ, ಕರಾವಳಿಯ ಗಾಡಿಗೆ ಅದರದೇ ಕಾಯಿಲೆಗಳುಂಟು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ, ಇನ್ನೊಂದು ಮಗ್ಗುಲಲ್ಲಿ ಸಮುದ್ರ. ನೀರೂ ಉಪ್ಪೂ ಸೇರಿದರೆ ಕಬ್ಬಿಣಕ್ಕೆ ಉಳಿಗಾಲವಿಲ್ಲ. ಗಾಡಿಯ ತಳ, ಬಾಗಿಲ ಅಂಚು, ಸೈಲೆನ್ಸರ್, ಬ್ರೇಕಿನ ಪೈಪು, ವಯರುಗಳ ತುದಿ ಎಲ್ಲೆಲ್ಲೂ ತುಕ್ಕು. ಕಂಪ್ಯೂಟರ್ ಇದನ್ನು ತೋರಿಸುವುದಿಲ್ಲ. ಗಾಡಿ ಎತ್ತಿ, ದೀಪ ಹಿಡಿದು, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡುವ ತಾಳ್ಮೆ ಬೇಕು. ಊರಿನ ಒಳ್ಳೆಯ ಮೇಸ್ತ್ರಿಯ ಬೆಲೆ ತಿಳಿಯುವುದು ಇಲ್ಲಿ.

ಹಾಗಾದರೆ ಜಾಣತನ ಯಾವುದು? ವಾರಂಟಿ ಇರುವವರೆಗೆ ಅಧಿಕೃತ ಕೇಂದ್ರವೇ ಕ್ಷೇಮ. ಕಂಪೆನಿ ದೋಷ ಒಪ್ಪಿಕೊಂಡು ಗಾಡಿ ವಾಪಸು ಕರೆದಾಗ, ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ತೊಂದರೆಗಳಿಗೆ, ವಿದ್ಯುತ್ ಕಾರಿನ ಬ್ಯಾಟರಿಗೆ ಆನಂತರವೂ ಅಲ್ಲಿಗೇ ಹೋಗಬೇಕು. ಎಣ್ಣೆ, ಬ್ರೇಕ್ ಪ್ಯಾಡ್, ಕ್ಲಚ್, ಬುಶ್, ತುಕ್ಕು, ಟಿಂಕರಿಂಗ್‌ನಂಥ ಕೆಲಸಗಳಿಗೆ ನಂಬಿಕೆಯ ಗ್ಯಾರೇಜು ಸಾಕು, ಅನೇಕ ವೇಳೆ ಮೇಲು.

ಎಲ್ಲಿಗೇ ಹೋದರೂ ಎರಡು ನಿಯಮಗಳು ಒಂದೇ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಬೇಕು. ನಕಲಿ ಬಿಡಿಭಾಗದ, ಅನಗತ್ಯ ಬದಲಾವಣೆಯ ಮೋಸಕ್ಕೆ ಇದೇ ಮದ್ದು. ಬಿಲ್ಲು ಪಡೆಯಬೇಕು. ಗ್ರಾಹಕ ರಕ್ಷಣಾ ಕಾಯಿದೆಯ ಕಣ್ಣಿಗೆ ದೊಡ್ಡ ಶೋರೂಮೂ ಒಂದೇ, ಶೀಟು ಹೊದೆಸಿದ ಗ್ಯಾರೇಜೂ ಒಂದೇ. ಆದರೆ ಕಾಗದವಿಲ್ಲದ ದೂರು ನಿಲ್ಲುವುದು ಕಷ್ಟ. ‘ನಮ್ಮ ಮೇಸ್ತ್ರಿಯೇ ಅಲ್ಲವೇ’ ಎಂಬ ದಾಕ್ಷಿಣ್ಯದಲ್ಲಿ ಬಿಲ್ಲು ಬಿಟ್ಟವರು ಹಳೆಯ ಗಾಡಿ ಮಾರುವಾಗಲೂ ನಷ್ಟಪಡುತ್ತಾರೆ.

ಗ್ಯಾರೇಜುಗಳೂ ಬದಲಾಗಬೇಕಾಗಿದೆ. ಸ್ಕ್ಯಾನರ್ ಕೊಂಡು, ಐ.ಟಿ.ಐ. ಕಲಿತ ಹುಡುಗರನ್ನು ಇಟ್ಟುಕೊಂಡವರು ಉಳಿಯುತ್ತಾರೆ. ಉಳಿದವರು ಹಳೆಯ ಗಾಡಿಗಳೊಂದಿಗೇ ಮರೆಯಾಗುವ ಅಪಾಯವಿದೆ. ಅದು ಅವರೊಬ್ಬರ ನಷ್ಟವಲ್ಲ. ಸರ್ವಿಸ್ ಕೇಂದ್ರಕ್ಕೆ ಸಂಜೆ ಬಾಗಿಲು ಹಾಕುತ್ತಾರೆ. ಆಷಾಢದ ಮಳೆಯ ರಾತ್ರಿ ಬೈಂದೂರಿಗೂ ಶಿರೂರಿಗೂ ನಡುವೆ ಗಾಡಿ ನಿಂತರೆ ಟಾರ್ಚು ಹಿಡಿದು ಬರುವವನು ಊರಿನ ಮೇಸ್ತ್ರಿ. ಅವನ ಕೈಗೂ ಹೊಸ ವಿದ್ಯೆ ಸಿಗಬೇಕು ಎಂಬುದೇ ಈ ಇಡೀ ಜಗಳದ ತಿರುಳು.