ಝಾನ್ಸೆ ಸ್ಕಾನ್ಸ್: ಹೊತ್ತು ತಂದ ಹಳ್ಳಿಯ ಚರಿತ್ರೆ

ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋದ ನಮ್ಮವರು ಒಂದು ದಿನವನ್ನು ಬಿಡುವು ಮಾಡಿಕೊಂಡು ನೋಡಿಬರುವ ಊರುಗಳಲ್ಲಿ ಝಾನ್ಸೆ ಸ್ಕಾನ್ಸ್ ಮುಖ್ಯವಾದುದು. ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷದ ದಾರಿ. ಹಸಿರು ಬಣ್ಣದ ಮರದ ಮನೆಗಳು, ಸಣ್ಣ ಕಾಲುವೆಗಳು, ನದಿಯ ದಂಡೆಯಲ್ಲಿ ಸಾಲಾಗಿ ನಿಂತ ಗಾಳಿಗಿರಣಿಗಳು. ಶತಮಾನಗಳಿಂದ ಹೀಗೆಯೇ ಉಳಿದುಬಂದ ಹಳ್ಳಿಯೆಂದು ನೋಡಿದವರು ಭಾವಿಸುವುದು ಸಹಜ. ವಾಸ್ತವದಲ್ಲಿ ಇದು ಹೊತ್ತು ತಂದು ಕಟ್ಟಿದ ಹಳ್ಳಿ. ಝಾನ್ ನದಿಯ ಆಸುಪಾಸಿನಲ್ಲಿ ನಾಶದ ಅಂಚಿಗೆ ಬಂದಿದ್ದ ಹಳೆಯ ಮನೆಗಳನ್ನು 1961ರಿಂದೀಚೆಗೆ ರಸ್ತೆ ಮತ್ತು ಜಲಮಾರ್ಗಗಳಲ್ಲಿ ಸಾಗಿಸಿ ಇಲ್ಲಿ ನಿಲ್ಲಿಸಲಾಯಿತು. ಈ ಯೋಜನೆಯ ಹಿಂದಿದ್ದವರು ಯಾಪ್ ಸ್ಖಿಪರ್ ಎಂಬ ವಾಸ್ತುಶಿಲ್ಪಿ.

ಹಾಗಾದರೆ ಇದು ಬರಿಯ ನಾಟಕದ ರಂಗಸಜ್ಜಿಕೆಯೇ? ಹಾಗೆ ಹೀಗಳೆಯುವವರಿದ್ದಾರೆ. ನಾನು ಒಪ್ಪಲಾರೆ, ಏಕೆಂದರೆ ಈ ನೆಲದ ಚರಿತ್ರೆ ಪೊಳ್ಳಲ್ಲ.

16ನೆಯ ಶತಮಾನದ ಕೊನೆಯಲ್ಲಿ ಕೊರ್ನೆಲಿಸ್ ಕೊರ್ನೆಲಿಸ್‌ಝೋನ್ ಎಂಬ ರೈತ ಗಾಳಿಯಿಂದ ಮರ ಕೊಯ್ಯುವ ಗಿರಣಿಯನ್ನು ನಿರ್ಮಿಸಿದ. ರೆಕ್ಕೆಗಳ ಸುತ್ತುವ ಚಲನೆಯನ್ನು ಬಾಗಿದ ದಂಡವೊಂದರ ಮೂಲಕ ಗರಗಸದ ಮೇಲೆ-ಕೆಳಗಿನ ಚಲನೆಯಾಗಿ ಮಾರ್ಪಡಿಸಿದ್ದೇ ಅವನ ಜಾಣ್ಮೆ. ಆಮ್‌ಸ್ಟರ್‌ಡ್ಯಾಮಿನ ಕೈಗರಗಸದವರ ಸಂಘ ಇದನ್ನು ವಿರೋಧಿಸಿತು. ಅನ್ನಕ್ಕೆ ಕುತ್ತು ಬರುವುದೆಂಬ ಅವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅವರು ಬಾಗಿಲು ಮುಚ್ಚಿದ್ದರ ಲಾಭ ದೊರೆತದ್ದು ಅಂಥ ಕಟ್ಟುಪಾಡುಗಳಿಲ್ಲದ ಝಾನ್ ಪ್ರದೇಶಕ್ಕೆ. ಮರ ಕೊಯ್ಯುವುದು, ಎಣ್ಣೆ ತೆಗೆಯುವುದು, ಬಣ್ಣ ಅರೆಯುವುದು, ಕಾಗದ ತಯಾರಿಸುವುದು, ಎಲ್ಲಕ್ಕೂ ಗಾಳಿಯೇ. ಏಳಿಗೆಯ ಕಾಲದಲ್ಲಿ ಈ ಪುಟ್ಟ ಪ್ರದೇಶದಲ್ಲಿ ಏಕಕಾಲಕ್ಕೆ ಸುಮಾರು 600 ಗಿರಣಿಗಳು ತಿರುಗುತ್ತಿದ್ದವು! ಹಡಗು ಕಟ್ಟುವ ವಿದ್ಯೆಯನ್ನು ಕಲಿಯಲು ರಷ್ಯಾದ ಝಾರ್ ಪೀಟರ್ 1697ರಲ್ಲಿ ಮಾರುವೇಷದಲ್ಲಿ ಬಂದಿಳಿದದ್ದು ಇಲ್ಲಿಯ ಝಾನ್‌ಡಾಮಿಗೆ. ಗುರುತು ಸಿಕ್ಕಿ ಜನ ಮುತ್ತಿದ್ದರಿಂದ ಅವನು ವಾರದೊಳಗಾಗಿ ಆಮ್‌ಸ್ಟರ್‌ಡ್ಯಾಮಿಗೆ ತೆರಳಿದ. ಅವನು ತಂಗಿದ್ದ ಮರದ ಮನೆ ಇಂದಿಗೂ ಉಳಿದಿದೆ.

ಉಗಿಯಂತ್ರ ಬಂದ ಮೇಲೆ ಗಿರಣಿಗಳು ಒಂದೊಂದಾಗಿ ನೆಲಕಚ್ಚಿದವು. ಉಳಿದವನ್ನು ಕಾಪಾಡಲು 1925ರಲ್ಲಿ ಝಾನ್ ಗಿರಣಿಗಳ ಸಂಘ ಹುಟ್ಟಿತು. ಅದರ ಹಿಂದೆಯೇ, 1923ರಲ್ಲಿ, ಇಡೀ ದೇಶದ ಗಿರಣಿಗಳಿಗಾಗಿ ಇನ್ನೊಂದು ಸಂಸ್ಥೆ ಸ್ಥಾಪನೆಯಾಗಿತ್ತು.

ಇಲ್ಲಿಯ 'ದೆ ಕಾಟ್', ಎಂದರೆ ಬೆಕ್ಕು, ಎಂಬ ಗಿರಣಿ ಇಂದಿಗೂ ಚಿತ್ರಕಾರರಿಗೆ ಬಣ್ಣ ಅರೆಯುತ್ತದೆ. ಆದರೆ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು 'ಎಳೆಯ ಕುರಿ' ಎಂಬ ಅರ್ಥದ ಹೆಸರುಳ್ಳ ಮರ ಕೊಯ್ಯುವ ಗಿರಣಿಯ ಕಥೆ. 1680ರ ಆ ಗಿರಣಿಯನ್ನು 1942ರಲ್ಲಿ ಕೆಡವಿದರು. ಅದಕ್ಕೆ ಮುನ್ನ ಆಂಟನ್ ಸಿಪ್‌ಮನ್ ಎಂಬವರು ಅದರ ಭಾಗಗಳನ್ನೆಲ್ಲ ಅಳೆದು ನಕ್ಷೆ ಬರೆದಿಟ್ಟಿದ್ದರು. ಆರು ದಶಕಗಳು ಕಳೆದ ಮೇಲೆ ಆ ನಕ್ಷೆಗಳನ್ನು ಹಿಡಿದು ಗಿರಣಿಯನ್ನು ಮತ್ತೆ ಕಟ್ಟಿದರು. 2007ರಲ್ಲಿ ಕೆಲಸ ಪೂರ್ಣವಾಯಿತು. ಗಾಳಿ ಬೀಸಿದ ದಿನ ಅದು ದಿಮ್ಮಿಗಳನ್ನು ಕೊಯ್ಯುತ್ತದೆ, ಹಲಗೆಗಳು ಮಾರಾಟವಾಗುತ್ತವೆ.